ಗುಂಪಿಗೆ ಕಳಿಸಬೇಡಿ, ಒಬ್ಬರಿಗೆ ಫೋನ್ ಮಾಡಿ

ರಾಯಚೂರಿನ ಒಂದು ರಕ್ತನಿಧಿಯಲ್ಲಿ ನಾನು ಆಪ್ತಸಮಾಲೋಚಕಿ. ಹೆಸರು ದೊಡ್ಡದು. ಕೆಲಸದಲ್ಲಿ ಅರ್ಧ ಫೋನ್ ಮಾಡುವುದೇ.

ಒಮ್ಮೆ ದೇವದುರ್ಗ ಕಡೆಯವರೊಬ್ಬರು ಬಂದರು. ಹೆಂಡತಿಗೆ ಹೆರಿಗೆ, ಬಿ ನೆಗೆಟಿವ್ ರಕ್ತ ಎರಡು ಬಾಟ್ಲಿ ಬೇಕು. (ಬಾಟ್ಲಿ ಹೋಗಿ ಚೀಲ ಬಂದು ಎಷ್ಟೋ ಕಾಲವಾಯಿತು, ನಮ್ಮ ಕಡೆ ಬಾಯಲ್ಲಿ ಈಗಲೂ ಬಾಟ್ಲಿಯೇ.) ಟಂಟಂ ತುಂಬ ಮಂದಿಯನ್ನು ಕರೆದುಕೊಂಡು ಬಂದಿದ್ದರು. 11 ಜನ. "ನಮ್ಮ ಮಂದಿ ಎಲ್ಲಾರೂ ಬಂದೀವ್ರಿ ಮೇಡಂ, ಯಾರ್ದರ ತಗೋರಿ" ಎಂದರು. ಆ 11 ಜನರಲ್ಲಿ ನೆಗೆಟಿವ್ ಗುಂಪಿನವರು ಒಬ್ಬರೂ ಇರಲಿಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರು 100ಕ್ಕೆ 5ರ ಆಸುಪಾಸು. ಕೆಂಪು ರಕ್ತಕಣವನ್ನು 35ರಿಂದ 42 ದಿನ ಮಾತ್ರ ಇಡಬಹುದು, ಹಾಗಾಗಿ ವರ್ಷಕ್ಕಾಗುವಷ್ಟು ಕೂಡಿಡಲು ಆಗುವುದಿಲ್ಲ. ಒಡಹುಟ್ಟಿದವರಲ್ಲಿ ಸಿಗುವ ಸಾಧ್ಯತೆ ಹೊರಗಿನವರಿಗಿಂತ ಜಾಸ್ತಿ, ಅದಕ್ಕೆ ಮೊದಲು ಅವರನ್ನೇ ಕೇಳುತ್ತೇವೆ. ಆದರೆ ಟಂಟಂನಲ್ಲಿ ಬಂದವರೆಲ್ಲ ಗಂಡನ ಕಡೆಯವರು.

"ನಿಮ್ಮ ಹತ್ತಿ ಯಾರ ಅಂಗಡಿಗೆ ಹಾಕ್ತೀರಿ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ರಕ್ತಕ್ಕೂ ಹತ್ತಿಗೂ ಏನು ಸಂಬಂಧ, ಅಲ್ವಾ? ಎಪಿಎಂಸಿಯ ಒಂದು ದಲಾಲಿ ಅಂಗಡಿಯ ಗುಮಾಸ್ತನ ನಂಬರ್ ಕೊಟ್ಟರು. ಗುಮಾಸ್ತ ಒಬ್ಬ ಲಾರಿ ಮಾಲೀಕನಿಗೆ ಹಚ್ಚಿದ. ಆ ಮಾಲೀಕನಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುವ ಹುಡುಗನೊಬ್ಬ ಗೊತ್ತಿದ್ದ. ಸಂಜೆ ಆರಕ್ಕೆ ಆ ಹುಡುಗ ಬಸ್ಸಿಳಿದು ಬಂದ. ಬಿ ನೆಗೆಟಿವ್. ಎರಡನೆಯ ಬಾಟ್ಲಿ ಬೇರೆ ರಕ್ತನಿಧಿಯಲ್ಲಿ ಸಿಕ್ಕಿತು, ಬಿಡಿ.

ಹತ್ತಿರದವರು ಕೈಚೆಲ್ಲಿದಾಗ ಅಷ್ಟಿಷ್ಟು ಗುರುತಿನವನು ಕೆಲಸ ಮಾಡಿಕೊಟ್ಟ. ಇದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದಾರೆ. ಗುರುತಿನವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದ್ದು ಇಷ್ಟೇ: ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಪದೇಪದೇ ಎಂದವರು 100ಕ್ಕೆ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು 55.6. ಅಪರೂಪಕ್ಕೆ ಎಂದವರು 27.8. ನಮ್ಮ ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಗುರುತಿನವನು ಓಡಾಡುವ ಜಗತ್ತೇ ಬೇರೆ.

ನಮ್ಮ ಕಡೆ ಇದು ಇನ್ನೂ ಬಿಗಿ. ಸೋದರಮಾವನಿಗೇ ಹೆಣ್ಣು ಕೊಡುತ್ತೇವೆ, ಅತ್ತೆ ಮಗಳನ್ನೇ ತರುತ್ತೇವೆ. ಮಾವನೇ ಅಳಿಯ, ಅಕ್ಕನೇ ಅತ್ತೆ. ನೂರು ಜನ ಬೀಗರ ಫೋನ್ ತೆರೆದು ನೋಡಿ, ಹೆಸರುಗಳೆಲ್ಲ ಅವವೇ. ಶಕ್ತಿನಗರದಂಥ ಊರು ಹಾಗಲ್ಲ. ಅಲ್ಲಿಯ ಕ್ವಾರ್ಟರ್ಸ್‌ನಲ್ಲಿ ಎಲ್ಲೆಲ್ಲಿಂದಲೋ ಬಂದವರಿದ್ದಾರೆ. ಅಲ್ಲಿ ಒಬ್ಬರು ಗೊತ್ತಿದ್ದರೆ ಹತ್ತು ಊರು ಗೊತ್ತಿದ್ದ ಹಾಗೆ.

ಅಪರಿಚಿತರಿಬ್ಬರ ನಡುವೆ ಆರೇ ಹೆಜ್ಜೆ ಎಂಬ ಮಾತು ಕೇಳಿರುತ್ತೀರಿ. 1960ರ ದಶಕದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪರೀಕ್ಷಿಸಿದರು. ಬೋಸ್ಟನ್‌ನ ಒಬ್ಬ ಷೇರು ದಲಾಲಿಗೆ ಒಂದು ಲಕೋಟೆ ಮುಟ್ಟಬೇಕು. ನಿಮಗೆ ಅವನು ಗೊತ್ತಿಲ್ಲದಿದ್ದರೆ, ಅವನಿಗೆ ಹತ್ತಿರವಾಗಬಹುದಾದ ನಿಮ್ಮ ಗುರುತಿನ ಒಬ್ಬರಿಗೆ ಕಳಿಸಿ. ಒಬ್ಬರಿಗೆ ಮಾತ್ರ. ಅವರೂ ಹಾಗೇ ಮಾಡಬೇಕು. 1969ರ ವರದಿಯ ಪ್ರಕಾರ ಮುಟ್ಟಿದ ಲಕೋಟೆಗಳಿಗೆ ನಡುವೆ ಬೇಕಾದದ್ದು ಸರಾಸರಿ 5.2 ಮಂದಿ. ಫೇಸ್‌ಬುಕ್ 2016ರಲ್ಲಿ ತನ್ನ ಸುಮಾರು 159 ಕೋಟಿ ಬಳಕೆದಾರರನ್ನು ಲೆಕ್ಕ ಹಾಕಿ, ಇಬ್ಬರ ನಡುವೆ ಸರಾಸರಿ 3.57 ಮಂದಿ ಎಂದಿತು.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಕೆಲಸಕ್ಕೆ ಬೇಕಾದ ಲೆಕ್ಕ ಬೇರೆ. ಮಿಲ್‌ಗ್ರಾಮ್ ಲಕೋಟೆ ಕೊಟ್ಟದ್ದು 296 ಜನಕ್ಕೆ. 79 ಜನ ಕಳಿಸಲೇ ಇಲ್ಲ. ಕೊನೆಗೆ ಮುಟ್ಟಿದ್ದು 64. ದಾರಿ ಇರಲಿಲ್ಲ ಅಂತಲ್ಲ, ನಡುವೆ ಯಾರೋ ಒಬ್ಬರು ಮೇಜಿನ ಮೇಲಿಟ್ಟು ಮರೆತರು. ಇನ್ನೊಂದು ಮಜಾ ಕೇಳಿ. ಮುಟ್ಟಿದ 64ರಲ್ಲಿ 16 ಲಕೋಟೆ ಒಬ್ಬನೇ ಬಟ್ಟೆ ವ್ಯಾಪಾರಿಯ ಕೈಯಿಂದ ಬಂದಿದ್ದವು, ಆ ಷೇರು ದಲಾಲಿಯ ಊರಿನವನೇ. ನಮ್ಮ ದಲಾಲಿ ಅಂಗಡಿ ಗುಮಾಸ್ತನ ಅಣ್ಣನೇ ಇರಬೇಕು ಅವನು!

ಈಗ ನಮ್ಮ ಲಕೋಟೆ ವಾಟ್ಸಾಪ್. "ಅರ್ಜೆಂಟ್, ಎಲ್ಲಾ ಗ್ರೂಪಿಗೆ ಶೇರ್ ಮಾಡಿ." 2018ರಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಎಂದು ಮಿತಿ ಹಾಕಿತು, ಆದರೂ ನಮ್ಮ ಹೆಬ್ಬೆರಳು ನಿಂತಿಲ್ಲ. ಗುಂಪಿಗೆ ಹಾಕಿದ ಮಾತು ಯಾರಿಗೂ ಹೇಳಿದ್ದಲ್ಲ. ಇನ್ನೂರು ಜನ ಕೈ ಮುಗಿದ ಚಿತ್ರ ಹಾಕುತ್ತಾರೆ, ಸುಮ್ನೆ. ಅದನ್ನೇ ಒಬ್ಬನಿಗೆ ಫೋನ್ ಮಾಡಿ "ನಿಮ್ಮ ಗ್ಯಾರೇಜಿಗೆ ಬರುವವರಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿದರೆ ಅವನು ಯೋಚಿಸಲೇಬೇಕು. ಗೊತ್ತಿಲ್ಲದಿದ್ದರೂ ಇನ್ನೊಬ್ಬರ ಹೆಸರು ಹೇಳುತ್ತಾನೆ. ಮೆಸೇಜ್ ಹಾಕಲೇಬೇಕೆಂದರೆ ರಕ್ತದ ಗುಂಪು, ಊರು, ಯಾವ ರಕ್ತನಿಧಿ, ಫೋನ್ ನಂಬರ್ ಬರೆಯಿರಿ. ಮುಖ್ಯವಾಗಿ ತಾರೀಖು. ಮತ್ತೆ, ಸಿಕ್ಕವರನ್ನು ಹಿಂದೆ ಯಾವಾಗ ಕೊಟ್ಟಿದ್ದೀರಿ ಎಂದು ಕೇಳಿ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಇರಬೇಕು. ಇದು ಗೊತ್ತಿಲ್ಲದೆ ನೂರು ಕಿಲೋಮೀಟರ್ ಬಂದು ವಾಪಸ್ ಹೋದವರನ್ನು ನೋಡಿದ್ದೇನೆ.

ತಾರೀಖಿನ ಮಾತು ಸುಮ್ನೆ ಹೇಳಿದ್ದಲ್ಲ. ಹೋದ ತಿಂಗಳು ಸಿಂಧನೂರಿನಿಂದ ಒಬ್ಬರು ಫೋನ್ ಮಾಡಿ, "ಮೇಡಂ, ಮೆಸೇಜ್ ನೋಡೀನ್ರಿ, ಬಸ್ ಸ್ಟ್ಯಾಂಡ್‌ನಾಗ ಅದೀನಿ, ಬರ್ಲೇನ್ರಿ?" ಎಂದರು. ದೇವದುರ್ಗದವರಿಗಾಗಿ ಅವತ್ತು ಯಾರೋ ಹರಿಬಿಟ್ಟಿದ್ದ ಮೆಸೇಜ್ ಅದು. ಆ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಹಾಗೆಂದು ಹೇಳಿದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ನಕ್ಕರು. "ಹಂಗಾದ್ರ ನನ್ನ ನಂಬರ್ ಬರ್ಕೊಂಡಿರ್‍ರಿ" ಎಂದರು.

ಬರೆದುಕೊಂಡೆ.