ಜೀನ್ ಆಫ್ ಆದ್ಮೇಲೂ ಉಳಿಯೋ ಕಿತ್ತಳೆ ಬಣ್ಣ

ಮಿದುಳೇ ಇಲ್ದಿರೋ ಪ್ರಾಣೀಲಿ ನರಕೋಶ ನೋಡಿ ಏನ್ ಮಾಡ್ತೀರ ಅಂತ ತುಂಬ ಜನ ಕೇಳ್ತಾರೆ. ನೆಮಟೋಸ್ಟೆಲ್ಲಾ ಅನ್ನೋ ಈ ಪುಟ್ಟ ಸೀ ಅನಿಮೋನ್‌ಗೆ (ಹೂವಿನ ಥರ ಕಾಣೋ ನೀರಿನ ಪ್ರಾಣಿ) ಮಿದುಳೂ ಇಲ್ಲ ಬೆನ್ನುಹುರಿನೂ ಇಲ್ಲ, ಮೈತುಂಬ ಹರಡಿರೋ ನರಗಳ ಜಾಲ ಅಷ್ಟೇ. ಆದ್ರೆ ನಮ್ಮ ವಂಶ ಅದರ ವಂಶ ಬೇರೆಯಾಗಿ 60 ಕೋಟಿ ವರ್ಷದ ಹತ್ರ ಆಗಿದ್ರೂ, ನರಕೋಶ ತಯಾರು ಮಾಡೋ ಸಾಕ್ಸ್, ಇಲಾವ್ ಥರದ ಜೀನ್‌ಗಳು ಎರಡೂ ಕಡೆ ಇವೆ, ಮಜಾ ಇರೋದೇ ಅಲ್ಲಿ.

ಕೆಲಸ ಶುರು ಆಗೋದು ಮೊಟ್ಟೆಯಿಂದ. ರಾತ್ರಿ ಲೈಟ್ ಹಾಕಿ ನೀರನ್ನ ಸ್ವಲ್ಪ ಬೆಚ್ಚಗಿಟ್ರೆ ಮೊಟ್ಟೆ ಇಡ್ತವೆ, ಲೋಳೆ ಮುದ್ದೆಯೊಳಗೆ. ಆ ಲೋಳೆನ ಸಿಸ್ಟೀನ್ ಹಾಕಿ ಕರಗಿಸಿ, ಭ್ರೂಣ ಮೊದಲ ಸಲ ಒಡೆದು ಎರಡು ಕೋಶ ಆಗೋದ್ರೊಳಗೆ ಗಾಜಿನ ಸೂಜೀಲಿ ಡಿಎನ್‌ಎ ಚುಚ್ಬೇಕು, ಜೊತೆಗೆ ಮೆಗಾನ್ಯೂಕ್ಲಿಯೇಸ್ ಅನ್ನೋ ಡಿಎನ್‌ಎ ಕತ್ತರಿಸೋ ಎನ್‌ಜೈಮು. ಆ ಡಿಎನ್‌ಎಲಿ ನಾವು ನೋಡ್ಬೇಕಾದ ಜೀನ್‌ನ ಸ್ವಿಚ್‌ಗೆ ಹೊಳೆಯೋ ಪ್ರೋಟೀನ್ ಜೋಡಿಸಿರ್ತೀವಿ, ಸ್ವಿಚ್ ಆನ್ ಆದ ಕೋಶ ಹೊಳೆಯುತ್ತೆ. ಚುಚ್ಚಿದ ಮರಿಗಳಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಹೊಳೆಯುತ್ತೆ. ಹೊಸಬರು ಇದನ್ನ ನೋಡಿ ಬೇಜಾರ್ ಮಾಡ್ಕೋತಾರೆ, ನನಗೆ ಮಾತ್ರ ಇದೇ ಇಷ್ಟ, ಯಾಕಂದ್ರೆ ಎಲ್ಲಾ ಕೋಶನೂ ಹೊಳೆದ್ರೆ ಯಾವ ನರಕೋಶದ ಎಳೆ ಎಲ್ಲಿಗೆ ಹೋಯ್ತು ಅಂತ ತಿಳಿಯೋದೇ ಇಲ್ಲ, ಒಂಟಿ ಕೋಶ ಆದ್ರೆ ತುದಿವರೆಗೂ ಹಿಂಬಾಲಿಸ್ಬೋದು. ಖಾಯಂ ತಳಿ ಬೇಕಂದ್ರೆ ಮರಿ ಬೆಳೆದು ಮೊಟ್ಟೆ ಇಡೋವರೆಗೂ ತಿಂಗಳುಗಟ್ಟಲೆ ಆರ್ಟೀಮಿಯಾ ಅನ್ನೋ ಪುಟಾಣಿ ಸಿಗಡಿಯ ಮರಿ ತಿನ್ನಿಸ್ತಾ ಕಾಯ್ಬೇಕು.

2012ರಲ್ಲಿ ನಾರ್ವೆಯ ಬರ್ಗೆನ್‌ನ ಸಾರ್ಸ್ ಸೆಂಟರ್ ಅನ್ನೋ ಸಂಶೋಧನಾ ಕೇಂದ್ರದವರು ಇಲಾವ್ ಜೀನ್ ಸ್ವಿಚ್‌ಗೆ ಎಂಆರೆಂಜ್ ಅನ್ನೋ ಕಿತ್ತಳೆ ಬಣ್ಣದಲ್ಲಿ ಹೊಳೆಯೋ ಪ್ರೋಟೀನ್ ಜೋಡಿಸಿದ ತಳಿ ತೋರಿಸಿದ್ರು. (ಆ ಬಣ್ಣದ ಮೂಲ ಪ್ರೋಟೀನ್ ಸಿಕ್ಕಿದ್ದೂ ಅನಿಮೋನ್‌ಗಳ ನೆಂಟನಾದ ಡಿಸ್ಕೋಸೋಮಾದಲ್ಲೇ, ಅಂದ್ರೆ ಮಾಲು ಮನೆಯೊಳಗಿನದ್ದೇ!) ಅದ್ರಲ್ಲಿ ಕಂಡಿದ್ದೇನಂದ್ರೆ, ನರಕೋಶ ಭ್ರೂಣದ ಹೊರಪದರದಲ್ಲಷ್ಟೇ ಅಲ್ಲ ಒಳಪದರದಲ್ಲೂ ಹುಟ್ಟುತ್ತೆ. ನಮ್ಮಂಥ ಬೆನ್ನೆಲುಬಿನ ಪ್ರಾಣಿಗಳಲ್ಲಿ ನರ ಅಂದ್ರೆ ಹೆಚ್ಚುಕಮ್ಮಿ ಹೊರಪದರದ ಸ್ವತ್ತು.

ಇನ್ನೊಂದು ವಿಷ್ಯ, ಜೀನ್ ಆಫ್ ಆದ್ರೂ ಹೊಳೆಯೋ ಪ್ರೋಟೀನ್ ಬೇಗ ಹೋಗಲ್ಲ, ಅರಿಶಿನ ಕಲಸಿದ ಕೈ ತೊಳೆದ ಮೇಲೂ ಹಳದಿ ಉಳಿಯೋ ಥರ. ಮೊದಲು ಇದು ತಲೆನೋವು ಅನ್ಸುತ್ತೆ, ಆದ್ರೆ 2014ರಲ್ಲಿ ಸಾಕ್ಸ್-ಬಿ2 ಅನ್ನೋ ಜೀನ್ ಮೇಲೆ ಬಂದ ಕೆಲಸ ಇದನ್ನೇ ಬಂಡವಾಳ ಮಾಡ್ಕೊಂಡ್ತು. ಆ ಜೀನ್ ಆನ್ ಆಗೋದು ಇನ್ನೂ ಒಡೀತಿರೋ ತಾಯಿಕೋಶಗಳಲ್ಲಿ, ಬಣ್ಣ ಉಳಿದದ್ದು ನರಕೋಶಗಳಲ್ಲೂ ಕುಟುಕೋ ಕೋಶಗಳಲ್ಲೂ, ಅಂದ್ರೆ ಎರಡೂ ಒಂದೇ ಬಳಗ.

ಅದಕ್ಕೇ ಬಣ್ಣ ಕಂಡ ತಕ್ಷಣ ಜೀನ್ ಈಗ ಕೆಲ್ಸ ಮಾಡ್ತಿದೆ ಅಂತ ಬರೆದುಬಿಡಬೇಡಿ, ಅದೇ ವಯಸ್ಸಿನ ಮರಿಗಳಲ್ಲಿ ಆ ಜೀನ್‌ನ ಆರ್‌ಎನ್‌ಎ (ಜೀನ್ ಆನ್ ಇದ್ದಾಗ ತಯಾರಾಗೋ ಅದರ ನಕಲು) ಇದ್ಯಾ ಇಲ್ವಾ ಅಂತ ಬೇರೆಯಾಗಿ ನೋಡ್ಲೇಬೇಕು.