ಒಂದು ತಿಂಗಳು ಬಲೆ ತುಂಬ ಪ್ರಾಣಿಪ್ಲವಕ, ಮುಂದಿನ ತಿಂಗಳು ಹೆಚ್ಚುಕಡಿಮೆ ಖಾಲಿ: ಋತುವಿನ ಕಾರಣವೇ, ಬಲೆಯ ದೋಷವೇ?

ಓದುಗರ ಪ್ರಶ್ನೆ: ತೀರದ ಹತ್ತಿರ ಒಂದೇ ಜಾಗದಲ್ಲಿ, ಒಂದೇ ಬಲೆಯಲ್ಲಿ ಪ್ರತಿ ತಿಂಗಳು ಪ್ರಾಣಿಪ್ಲವಕ (ನೀರಿನೊಡನೆ ತೇಲುವ ಪುಟ್ಟ ಪ್ರಾಣಿಗಳು) ಹಿಡಿಯುತ್ತೇವೆ. ಒಮ್ಮೆ ಘನಮೀಟರಿಗೆ ಸಾವಿರಾರು ಸಿಕ್ಕರೆ, ಇನ್ನೊಮ್ಮೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಇದು ಸಹಜವೇ?

ಉತ್ತರ: ಸಹಜವಿರಬಹುದು. ಸಮಶೀತೋಷ್ಣ ಕಡಲುಗಳಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಹತ್ತು ಪಟ್ಟು ಅಂತರ ಅಪರೂಪವಲ್ಲ. ಆದರೆ ಒಟ್ಟು ಸಂಖ್ಯೆಯೊಂದನ್ನೇ ಹಿಡಿದು ಕೂತರೆ ಋತುವಿನ ಪಾತ್ರ ಎಷ್ಟು, ಬಲೆಯ ತಪ್ಪು ಎಷ್ಟು ಎಂದು ತಿಳಿಯದು. ಯಾವ ಜೀವಿ, ಬೆಳವಣಿಗೆಯ ಯಾವ ಹಂತ ಎಂದು ಬೇರೆ ಬೇರೆ ಎಣಿಸಲೇಬೇಕು.

ಚಳಿಗಾಲದ ಗಾಳಿ ನೀರನ್ನು ಕಲಕಿ ತಳದ ಪೋಷಕಾಂಶಗಳನ್ನು ಮೇಲಕ್ಕೆ ತರುತ್ತದೆ. ವಸಂತದಲ್ಲಿ ಬಿಸಿಲು ಏರಿದಾಗ ಸಸ್ಯಪ್ಲವಕಗಳಾದ, ಅಂದರೆ ತೇಲುವ ಸೂಕ್ಷ್ಮ ಪಾಚಿಗಳಾದ, ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿನ್ನುವ, ಸೀಗಡಿಯ ಪುಟ್ಟ ಸಂಬಂಧಿಗಳಾದ ಕೋಪೆಪಾಡ್‌ಗಳ ಸಂಖ್ಯೆ ಏರುವುದು ಕೆಲವು ವಾರ ತಡವಾಗಿ. ಮೊಟ್ಟೆಯೊಡೆದು ಬಂದ ಮರಿ ಆರು ನಾಪ್ಲಿಯಸ್ (ಎಳೆಮರಿ) ಹಂತ, ಐದು ಕೋಪೆಪೊಡೈಟ್ (ಬೆಳೆದ ಮರಿ) ಹಂತ ದಾಟಿಯೇ ಪ್ರೌಢವಾಗಬೇಕು. ಅಕಾರ್ಟಿಯಾದಂಥ ಚಿಕ್ಕ ಕೋಪೆಪಾಡ್‌ಗೆ ಇದಕ್ಕೆ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು ಬೇಕು. 20 ಡಿಗ್ರಿ ದಾಟಿದರೆ ಎರಡು ವಾರದೊಳಗೆ ಮುಗಿಯುತ್ತದೆ.

ಮಾಯವಾದದ್ದೆಲ್ಲ ಸತ್ತಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ವಸಂತದ ಆರಂಭದಲ್ಲಿ ಮಾದರಿಯ ಬಹುಪಾಲು ಬಾರ್ನಕಲ್ (ಬಂಡೆಗಂಟಿ ಬದುಕುವ ಚಿಪ್ಪಿನ ಜೀವಿ) ನಾಪ್ಲಿಯಸ್‌ಗಳೇ ಆಗಿರಬಹುದು. ಮುಂಭಾಗದ ಎರಡು ಕೊಂಬುಗಳಿಂದ ಇವನ್ನು ಗುರುತಿಸಬಹುದು. ಕೆಲವೇ ವಾರಗಳಲ್ಲಿ ಅವು ಬೆಳೆದು ಬಂಡೆಗಳಿಗೆ ಅಂಟಿಕೊಳ್ಳುತ್ತವೆ, ಬಲೆಗೆ ಮತ್ತೆ ಸಿಗುವುದಿಲ್ಲ. ಇವಾಡ್ನೆ, ಪೋಡಾನ್‌ನಂಥ ಕ್ಲಾಡೋಸೆರನ್‌ಗಳು (ನೀರುಚಿಗಟಗಳು) ಬೇಸಿಗೆಯಲ್ಲಿ ಗಂಡಿನ ನೆರವಿಲ್ಲದೆ ಮರಿಹಾಕಿ ದಿಢೀರನೆ ಹೆಚ್ಚುತ್ತವೆ. ಆಮೇಲೆ ಗಟ್ಟಿ ಕವಚದ ವಿಶ್ರಾಂತಿ ಮೊಟ್ಟೆಗಳನ್ನು ಕೆಸರಿಗೆ ಬಿಟ್ಟು ನೀರಿನಿಂದ ಕಾಣೆಯಾಗುತ್ತವೆ. ಅಕಾರ್ಟಿಯಾದ ಕೆಲವು ಪ್ರಭೇದಗಳೂ ಹೀಗೆಯೇ. ಉತ್ತರ ಅಟ್ಲಾಂಟಿಕ್‌ನ ಕ್ಯಾಲನಸ್ ಫಿನ್ಮಾರ್ಕಿಕಸ್ ಎಂಬ ಕೋಪೆಪಾಡ್ ಐದನೆಯ ಕೋಪೆಪೊಡೈಟ್ ಹಂತದಲ್ಲೇ ಆಳಕ್ಕಿಳಿದು ಚಳಿಗಾಲ ಕಳೆಯುತ್ತದೆ.

ಮಾನ್ಸೂನ್ ಕರಾವಳಿಗಳಿಗೆ ಈ ಪಂಚಾಂಗ ಹೊಂದದು. ಅಲ್ಲಿ ಉಷ್ಣತೆಗಿಂತ ನದಿನೀರು ತರುವ ಲವಣಾಂಶದ ಕುಸಿತ ಮತ್ತು ಆಳದ ನೀರಿನ ಮೇಲೇರಿಕೆ ಹೆಚ್ಚು ನಿರ್ಣಾಯಕ. ಹಾಗಾಗಿ ಪ್ರತಿ ಮಾದರಿಯ ಜೊತೆ ಉಷ್ಣತೆ, ಲವಣಾಂಶ ಎರಡನ್ನೂ ಬರೆದಿಡಿ.

ಇನ್ನು ಬಲೆಯ ವಿಚಾರ. ಹೆಚ್ಚಿನವರು ಬಳಸುವ ಡಬ್ಲ್ಯೂಪಿ-2 ಬಲೆಯ ಬಾಯಿ 0.25 ಚದರ ಮೀಟರ್, ಕಣ್ಣು 200 ಮೈಕ್ರಾನ್. 20 ಮೀಟರ್ ಆಳದಿಂದ ನೇರ ಮೇಲಕ್ಕೆ ಎಳೆದರೆ 5 ಘನಮೀಟರ್ ನೀರು ಸೋಸಬೇಕು. ಆದರೆ ಸಸ್ಯಪ್ಲವಕ ದಟ್ಟವಾಗಿದ್ದಾಗ ಲೋಳೆ ಕಣ್ಣುಗಳನ್ನು ಕಟ್ಟಿ, ನೀರು ಬಾಯಿಯಿಂದ ಆಚೆಗೇ ಸರಿಯುತ್ತದೆ. ಬಲೆಯೊಳಗೆ ಹರಿದ ನೀರನ್ನು ಅಳೆಯುವ ಫ್ಲೋಮೀಟರ್ ಇಲ್ಲದಿದ್ದರೆ ಅತಿ ಸಮೃದ್ಧ ವಾರದಲ್ಲೇ ಲೆಕ್ಕ ಕುಸಿದಂತೆ ಕಾಣುತ್ತದೆ. ಬಹಳಷ್ಟು ದಾಖಲೆಗಳನ್ನು ಕೆಡಿಸುವ ತಪ್ಪು ಇದು. ಫ್ಲೋಮೀಟರನ್ನು ಬಾಯಿಯ ನಟ್ಟನಡುವೆ ಅಲ್ಲ, ನಡುವಿಗೂ ಅಂಚಿಗೂ ಮಧ್ಯದಲ್ಲಿ ಕಟ್ಟಿ. ಬಲೆ ಇಳಿಸುವಾಗ ಹಿಂದಕ್ಕೆ ತಿರುಗದಂತೆ ತಡೆಯಿರುವ ಮಾದರಿಯೇ ಬೇಕು. ಸೋಸಿದ ನೀರು ಲೆಕ್ಕದ ಶೇ. 85ಕ್ಕಿಂತ ಕಡಿಮೆಯಾದರೆ ಬಲೆ ತೊಳೆದು ಮತ್ತೆ ಎಳೆಯಿರಿ.

ಹೊತ್ತು ಮತ್ತು ಉಬ್ಬರವಿಳಿತದ ಹಂತ ಬದಲಾಗಬಾರದು. ಹಗಲು ತಳ ಸೇರಿ ರಾತ್ರಿ ಮೇಲೇರುವ ಜೀವಿಗಳಿವೆ. ನದಿಮುಖದ ಬಳಿ ಇಳಿತದಲ್ಲಿ ಸಿಗುವುದು ಬೇರೆಯೇ ನೀರು.

ಮಾದರಿ ಕೆಡದಂತೆ, ಅದರ ಒಂಬತ್ತು ಪಾಲಿಗೆ ಬೊರಾಕ್ಸ್ ಬೆರೆಸಿದ ಫಾರ್ಮಲಿನ್ ಒಂದು ಪಾಲು ಹಾಕಿ. ಬೊರಾಕ್ಸ್ ಇಲ್ಲದಿದ್ದರೆ ಆಮ್ಲತೆಯಿಂದ ಲಾರ್ವಾಗಳ ಚಿಪ್ಪು ಕರಗುತ್ತದೆ. ಮಾದರಿಯನ್ನು ಸಮವಾಗಿ ವಿಭಜಿಸಿ ಸುಮಾರು 400 ಜೀವಿಗಳನ್ನು ಎಣಿಸಿ. ಹದಿನಾರನೇ ಒಂದು ಪಾಲಿನಲ್ಲಿ 400 ಇದ್ದರೆ ಒಟ್ಟು 6,400. ಅದನ್ನು ಸೋಸಿದ ನೀರಿನ ಪ್ರಮಾಣದಿಂದ, ಇಲ್ಲಿ 5ರಿಂದ, ಭಾಗಿಸಿದರೆ ಘನಮೀಟರಿಗೆ 1,280. ಕೋಪೆಪಾಡ್ ನಾಪ್ಲಿಯಸ್‌ಗಳಲ್ಲಿ ಹೆಚ್ಚಿನವು 200 ಮೈಕ್ರಾನ್ ಕಣ್ಣಿನಲ್ಲಿ ನುಸುಳಿ ಹೋಗುವುದರಿಂದ ಅವುಗಳಿಗೆ 63 ಮೈಕ್ರಾನ್‌ನ ಇನ್ನೊಂದು ಬಲೆ ಬೇಕು.

ತಿಂಗಳಿಗೊಮ್ಮೆ ಹಿಡಿಯುವುದು ಸಾಲದು. ಬೇಸಿಗೆಯಲ್ಲಿ ಎರಡು ಭೇಟಿಗಳ ನಡುವೆಯೇ ಒಂದು ಪೀಳಿಗೆ ಬಂದು ಹೋಗಿರುತ್ತದೆ. ಇಂಗ್ಲೆಂಡಿನ ಪ್ಲಿಮತ್ ಬಳಿಯ ಎಲ್4 ಎಂಬ ಸಮುದ್ರ ವೀಕ್ಷಣಾ ಕೇಂದ್ರದಲ್ಲಿ 1988ರಿಂದ ವಾರಕ್ಕೊಮ್ಮೆ ಬಲೆ ಎಳೆಯುತ್ತಿರುವುದು ಇದಕ್ಕಾಗಿಯೇ. ವರ್ಷವಿಡೀ ಅಷ್ಟು ಕಷ್ಟವಾದರೆ ಜೀವಿಗಳು ಹೆಚ್ಚುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಉಳಿದಾಗ ತಿಂಗಳಿಗೊಮ್ಮೆ ಹಿಡಿಯಿರಿ.