ಫುಲ್ ಕಡ್ಡಿ ಇದೆ, ನೆಟ್ ಯಾಕೆ ಓಡಲ್ಲ?

"ಸಾರ್, ಫುಲ್ ಟವರ್ ತೋರಿಸ್ತಾ ಇದೆ, ನೆಟ್ ಮಾತ್ರ ಸುತ್ತುತ್ತಾನೇ ಇದೆ." ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿರುವ ನನ್ನಂಥವರು ಹೋದಲ್ಲೆಲ್ಲ ಕೇಳುವ ಮಾತು ಇದು. ನನ್ನದು ಆರ್‌ಎಫ್ ಆಪ್ಟಿಮೈಸೇಶನ್ ಕೆಲಸ. ಟವರ್ ಮೇಲಿನ ಆಂಟೆನಾ ಯಾವ ಕಡೆಗೆ ಮುಖ ಮಾಡಬೇಕು, ಎಷ್ಟು ಬಾಗಿರಬೇಕು, ಯಾವ ಬೀದಿಗೆ ಯಾವ ಟವರ್ ಸೇವೆ ಕೊಡಬೇಕು ಅನ್ನೋದನ್ನೆಲ್ಲ ನೋಡಿಕೊಳ್ಳುವುದು. ಆ ಮಾತು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಫೋನೂ ಕೆಟ್ಟಿರುವುದಿಲ್ಲ. ಕಡ್ಡಿ ಹೇಳುವುದು ಒಂದು ವಿಷಯ, ನೆಟ್ ಓಡಲು ಬೇಕಾಗಿರುವುದು ನಾಲ್ಕು ವಿಷಯ, ಅಷ್ಟೇ.

ಮೊದಲು ಕಡ್ಡಿಯನ್ನೇ ನೋಡೋಣ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕ ಇಲ್ಲ. ಫೋನ್ ತಯಾರಿಸುವವರು ತಮಗೆ ಸರಿ ಕಂಡಂತೆ ಹಾಕಿಕೊಳ್ಳುತ್ತಾರೆ. ಒಂದೇ ಕಂಪನಿಯ ಸಿಮ್ ಇರುವ ಎರಡು ಫೋನನ್ನು ಪಕ್ಕಪಕ್ಕ ಇಟ್ಟರೂ ಒಂದರಲ್ಲಿ ಎರಡು, ಇನ್ನೊಂದರಲ್ಲಿ ನಾಲ್ಕು ಕಡ್ಡಿ ಕಾಣಬಹುದು. ನಿಜವಾದ ಅಳತೆ ಬೇಕೆಂದರೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಎಂಬಲ್ಲಿಗೆ ಹೋಗಿ ಸಿಮ್ ಸ್ಟೇಟಸ್ ತೆಗೆಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಅಲ್ಲೇ ಡಿಬಿಎಂ ಎಂಬ ಮೈನಸ್ ಸಂಖ್ಯೆ ಸಿಗುತ್ತದೆ. 4ಜಿಯಲ್ಲಿ ಮೈನಸ್ 85 ಇದ್ದರೆ ಚೆನ್ನಾಗಿದೆ. ಮೈನಸ್ 105 ದಾಟಿದರೆ ಪರದಾಟ ಶುರು. ಮೈನಸ್ 115ರ ಆಚೆ ಮಾತು ಕಡಿದು ಕಡಿದು ಬರುತ್ತದೆ. ಈ ಲೆಕ್ಕದಲ್ಲಿ ಪ್ರತಿ ಹತ್ತಕ್ಕೂ ಸಿಗ್ನಲ್ ಹತ್ತು ಪಟ್ಟು ಕಡಿಮೆಯಾಗುತ್ತದೆ. ಹಾಲ್‌ನಲ್ಲಿ 95, ಅಡುಗೆಮನೆಯಲ್ಲಿ 105 ಅಂದರೆ ಸಣ್ಣ ವ್ಯತ್ಯಾಸ ಅಲ್ಲ.

ಆದರೆ ಇದೂ ಅರ್ಧ ಕತೆಯೇ. ಟವರ್ ಹೇಳಿದ್ದು ಫೋನಿಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಅನ್ನೋದು ಮಾತ್ರ ಇದರಿಂದ ತಿಳಿಯುತ್ತದೆ. ಫೋನ್ ಹೇಳಿದ್ದು ಟವರ್‌ಗೆ ಕೇಳಿಸುತ್ತಿದೆಯೇ? ಟವರ್ ಮೇಲಿನ ರೇಡಿಯೋ ಒಂದೊಂದು ಪೋರ್ಟ್‌ನಿಂದ ಸಾಮಾನ್ಯವಾಗಿ 40 ವ್ಯಾಟ್ ಹೊರಗೆ ಹಾಕುತ್ತದೆ. ನಿಮ್ಮ ಕೈಯಲ್ಲಿರುವ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್. ದೂರದ ಟವರ್‌ನ ಸಿಗ್ನಲ್ ಮನೆಯೊಳಗೆ ಬಂದು ಬೀಳುತ್ತದೆ, ಮನೆಯೊಳಗಿನ ಸಿಗ್ನಲ್ ಅಲ್ಲಿಗೆ ಮುಟ್ಟುವುದಿಲ್ಲ. ವಿಡಿಯೋ ಹೇಗೋ ಓಡುತ್ತದೆ, ವಾಟ್ಸಾಪ್‌ನಲ್ಲಿ ಒಂದು ಫೋಟೋ ಹೋಗುವುದಿಲ್ಲ. ಅವರ ಮಾತು ನಿಮಗೆ ಸರಿಯಾಗಿ ಕೇಳುತ್ತಿರುತ್ತದೆ, ಅವರು ಮಾತ್ರ "ಹಲೋ, ಹಲೋ" ಅನ್ನುತ್ತಿರುತ್ತಾರೆ. ಇದು ಅದೇ ತೊಂದರೆ.

ಇದಕ್ಕೆ ಪರಿಹಾರ ಹತ್ತಿರ ಇನ್ನೊಂದು ಟವರ್. ಅಷ್ಟರಲ್ಲಿ ಬಡಾವಣೆಯವರು ರೇಡಿಯೇಶನ್ ಭಯದಿಂದ ಬೇಡ ಅನ್ನುತ್ತಾರೆ. ಅವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಂದು ವಿಷಯ ಗೊತ್ತಿರಲಿ. ಟವರ್ ದೂರ ಇದ್ದಷ್ಟೂ ಫೋನ್ ತನ್ನ ಶಕ್ತಿ ಏರಿಸುತ್ತದೆ, ಹತ್ತಿರ ಇದ್ದರೆ ತಾನೇ ಇಳಿಸಿಕೊಳ್ಳುತ್ತದೆ. ನಾವು ಕಿವಿಗೆ ಒತ್ತಿ ಹಿಡಿಯುವುದು ಫೋನನ್ನು, ಟವರನ್ನಲ್ಲ. ಜೊತೆಗೆ, ಟವರ್‌ಗಳ ವಿಕಿರಣಕ್ಕೆ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನಷ್ಟೇ ನಮ್ಮ ದೇಶ 2012ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ತಂದಿತು.

ಸಿಗ್ನಲ್ ಎರಡೂ ಕಡೆ ಚೆನ್ನಾಗಿದ್ದೂ ನೆಟ್ ನಿಲ್ಲುವ ಜಾಗ ನೋಡಬೇಕೆಂದರೆ ತಾಲೂಕು ಕೇಂದ್ರದ ವಾರದ ಸಂತೆಗೆ ಹೋಗಿ. ಬೆಳಗ್ಗೆ ಹನ್ನೊಂದರ ಹೊತ್ತು. ಟೊಮೆಟೊ ರಾಶಿ ಮುಂದೆ ಒಬ್ಬರು ಸ್ಕ್ಯಾನ್ ಮಾಡಿ ನಿಂತಿದ್ದಾರೆ. ಫೋನಿನಲ್ಲಿ ಚಕ್ರ ಸುತ್ತುತ್ತಿದೆ. ಪಕ್ಕದ ಸೌಂಡ್‌ಬಾಕ್ಸ್ ತುಟಿ ಪಿಟಕ್ಕೆನ್ನುತ್ತಿಲ್ಲ. "ಇನ್ನೂ ಬಂದಿಲ್ಲ ಅಣ್ಣ, ಸ್ವಲ್ಪ ನಿಂತ್ಕೊಳ್ಳಿ" ಅನ್ನುತ್ತಾಳೆ ಮಾರುವವಳು. ಗಿರಾಕಿಯ ಖಾತೆಯಿಂದ ದುಡ್ಡು ಕಟ್ ಆಗಿದೆ, ಇವಳಿಗೆ ಬಂದಿಲ್ಲ. ಹಿಂದೆ ನಾಲ್ಕು ಜನ ಚೀಲ ಹಿಡಿದು ಕಾಯುತ್ತಿದ್ದಾರೆ. ಅಂಥ ಕಡೆ ನಿಂತು ನಾನು ಅಳೆದಾಗ ಮೈನಸ್ 78 ಬಂದಿತ್ತು, ಅಂದರೆ ಸಿಗ್ನಲ್‌ಗೆ ಏನೂ ಕೊರತೆ ಇಲ್ಲ. ಆದರೆ ಆ ಸೆಕ್ಟರ್‌ನ ಲೋಡ್ ತೆಗೆದು ನೋಡಿದರೆ ಪೂರ್ತಿ ಭರ್ತಿ.

ಒಂದು ಟವರ್‌ನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಸೆಕ್ಟರ್ ಇರುತ್ತವೆ. 20 ಮೆಗಾಹರ್ಟ್ಜ್ ಅಗಲ ಇರುವ ಒಂದು ಸಾಧಾರಣ 4ಜಿ ಕ್ಯಾರಿಯರ್, ಅಂದರೆ ಡೇಟಾ ಹೊತ್ತು ತರುವ ತರಂಗದ ದಾರಿ, ಎಲ್ಲವೂ ಚೆನ್ನಾಗಿದ್ದಾಗ ಸುಮಾರು 150 ಎಂಬಿಪಿಎಸ್ ವೇಗ ಕೊಡುತ್ತದೆ. ಅದು ಒಬ್ಬರಿಗಲ್ಲ, ಆ ದಿಕ್ಕಿನಲ್ಲಿರುವ ಎಲ್ಲರಿಗೂ ಸೇರಿ. ಪಂಕ್ತಿ ಊಟದಲ್ಲಿ ಬಡಿಸುವವನು ಒಬ್ಬನೇ ಇದ್ದರೆ ಅವನ ದನಿ ಕೊನೆಯ ಎಲೆಗೂ ಕೇಳುತ್ತದೆ, ಪಾಯಸ ಬರುವುದು ಮಾತ್ರ ತಡ. ಮೂಲೆಯಲ್ಲಿ, ಗೋಡೆ ಮರೆಯಲ್ಲಿ ಕೂತವರಿಗೆ ಅದೇ ಡೇಟಾ ಮುಟ್ಟಿಸಲು ಟವರ್‌ಗೆ ಜಾಸ್ತಿ ಸಮಯ ಬೇಕು. ಹಾಗಾಗಿ ಸಿಗ್ನಲ್ ಕಮ್ಮಿ ಇರುವವರು ಹೆಚ್ಚಾದಷ್ಟೂ ಸಿಗ್ನಲ್ ಚೆನ್ನಾಗಿರುವವರ ಪಾಲೂ ಕರಗುತ್ತದೆ. ಇಲ್ಲಿ ಟವರ್ ಪವರ್ ಏರಿಸಿದರೆ ಏನೂ ಪ್ರಯೋಜನ ಇಲ್ಲ. ಇನ್ನೊಂದು ಬ್ಯಾಂಡ್, ಅಂದರೆ ಇನ್ನೊಂದು ಸಾಲಿನ ತರಂಗ ಸೇರಿಸಬೇಕು, ಇಲ್ಲವೇ ಒಂದು ಸೆಕ್ಟರನ್ನು ಎರಡಾಗಿ ಒಡೆಯಬೇಕು. ದೊಡ್ಡ ಜಾತ್ರೆ, ಉತ್ಸವಗಳಿಗೆ ಲಾರಿ ಮೇಲೆ ತಾತ್ಕಾಲಿಕ ಟವರ್ ತಂದು ನಿಲ್ಲಿಸುತ್ತಾರೆ. ಸಂತೆ ಪ್ರತಿ ವಾರ ನಡೆಯುತ್ತದೆ, ಅದಕ್ಕೆ ಯಾರೂ ಲಾರಿ ತರುವುದಿಲ್ಲ. ಆ ಟೊಮೆಟೊ ಮಾರುವವಳ ಒಂದು ಯುಪಿಐಗೆ ಬೇಕಾಗಿರುವುದು ಕೆಲವೇ ಕೆಬಿ ಡೇಟಾ. ಅದೂ ಸಿಗದಿರುವುದು ನನಗೆ ತುಂಬ ನೋವಿನ ವಿಷಯ.

ಅದಕ್ಕೇ ಸ್ಪೀಡ್ ಟೆಸ್ಟ್‌ನ ದೊಡ್ಡ ನಂಬರ್ ನೋಡಿ ಮರುಳಾಗಬೇಡಿ ಅನ್ನುತ್ತೇನೆ. ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್ ಸಾಕು. ವಾಟ್ಸಾಪ್ ಮಾತಿಗೆ ಒಂದರೊಳಗೇ ಮುಗಿಯಿತು. ಬೆಳಗ್ಗೆ ಆರಕ್ಕೆ 200 ಬಂದು ರಾತ್ರಿ ಒಂಬತ್ತಕ್ಕೆ 1 ಬರುವ ನೆಟ್‌ವರ್ಕ್‌ಗಿಂತ, ದಿನವಿಡೀ 8 ಕೊಡುವ ನೆಟ್‌ವರ್ಕ್ ಎಷ್ಟೋ ಮೇಲು. ಟೆಸ್ಟ್ ಮಾಡುವುದಾದರೆ ರಾತ್ರಿ ಎಂಟರಿಂದ ಹತ್ತರೊಳಗೆ, ನೀವು ದಿನಾ ಕೂರುವ ಜಾಗದಲ್ಲೇ ಮಾಡಿ. ಅಪ್‌ಲೋಡ್ ಎಷ್ಟಿದೆ ಅನ್ನೋದನ್ನೂ ನೋಡಿ.

5ಜಿ ಬಂತಲ್ಲ, ಇದೆಲ್ಲ ಸರಿಹೋಗಬೇಕಿತ್ತಲ್ವಾ ಎಂದು ಕೇಳುತ್ತಾರೆ. ನಮ್ಮಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಜನಸಂದಣಿ ಇರುವ ಕಡೆ ಅದು ನಿಜವಾಗಿ ಸಹಾಯ ಮಾಡಿದೆ. ಕಾರಣ ಸರಳ: 3300 ಮೆಗಾಹರ್ಟ್ಜ್ ಬ್ಯಾಂಡ್‌ನಲ್ಲಿ ಜಿಯೋ, ಏರ್‌ಟೆಲ್‌ಗಳ ಹತ್ತಿರ 100 ಮೆಗಾಹರ್ಟ್ಜ್‌ನಷ್ಟು ಅಗಲದ ಜಾಗ ಇದೆ. ಆದರೆ ಅಷ್ಟು ಮೇಲಿನ ತರಂಗ ಗೋಡೆ ದಾಟಲು ಒದ್ದಾಡುತ್ತದೆ. ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ, ಬೆಂಗಳೂರಿನ ಆಫೀಸುಗಳ ಲೋಹದ ಲೇಪನದ ಗಾಜು, ಎರಡೂ ಅದಕ್ಕೆ ಅಡ್ಡಿ. 700, 850, 900ರಂಥ ಕೆಳಗಿನ ಬ್ಯಾಂಡ್‌ಗಳು ದೂರ ಹೋಗುತ್ತವೆ, ಒಳಗೂ ನುಗ್ಗುತ್ತವೆ, ಆದರೆ ಅಗಲ ಕಮ್ಮಿ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಜ್ ಕೊಂಡಿದ್ದು ಜಿಯೋ ಮಾತ್ರ. ನಿಮ್ಮದು ಜಿಯೋ ಆಗಿದ್ದು, ಫೋನಿನಲ್ಲಿ ಎನ್28 ಎಂಬ ಬ್ಯಾಂಡ್ ಇಲ್ಲದಿದ್ದರೆ ಈ 700ರ ಲಾಭ ಸಿಗುವುದಿಲ್ಲ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಜೊತೆ ಬ್ಯಾಂಡ್ ಪಟ್ಟಿಯನ್ನೂ ಒಮ್ಮೆ ನೋಡಿ.

ಇನ್ನು ಮೇಲ್ಗಡೆ ಮೂಲೆಯ 5ಜಿ ಗುರುತು. ಏರ್‌ಟೆಲ್ 5ಜಿ ಶುರು ಮಾಡಿದ್ದು 4ಜಿಯ ಹೆಗಲ ಮೇಲೆ ಕೂರುವ ಎನ್‌ಎಸ್‌ಎ ವಿಧಾನದಲ್ಲಿ, ಜಿಯೋ 5ಜಿಗೆಂದೇ ಬೇರೆ ಕೋರ್ (ನೆಟ್‌ವರ್ಕ್‌ನ ಮಿದುಳು) ಇರುವ ಎಸ್‌ಎ ವಿಧಾನದಲ್ಲಿ. ಎನ್‌ಎಸ್‌ಎಯಲ್ಲಿ 4ಜಿ ಟವರ್ "ಇಲ್ಲಿ 5ಜಿ ಸಿಗಬಹುದು" ಎಂದು ಹೇಳಿದರೆ ಸಾಕು, ಎಷ್ಟೋ ಫೋನ್‌ಗಳು ಗುರುತು ಹಾಕಿಬಿಡುತ್ತವೆ. ಡೇಟಾ ಬರುತ್ತಿರುವುದು 4ಜಿಯಲ್ಲೇ ಇರಬಹುದು. ಪ್ಲಾನ್ ಕೂಡ ಕಾರಣ ಇರಬಹುದು. 2024ರ ಜುಲೈನಲ್ಲಿ ದರ ಏರಿದಾಗ ಈ ಎರಡೂ ಕಂಪನಿಗಳು ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಜಾಸ್ತಿ ಇರುವ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ಕಮ್ಮಿ ಕರೆನ್ಸಿ ಹಾಕಿಸಿಕೊಂಡು 5ಜಿ ಫೋನ್ ಹಿಡಿದು ಬೈದುಕೊಳ್ಳುವವರನ್ನು ಈಗಲೂ ನೋಡುತ್ತೇನೆ.

ಅಪ್‌ಗ್ರೇಡ್ ಆದ ಮೇಲೇ ನೆಟ್‌ವರ್ಕ್ ಕೆಟ್ಟಿತು ಅನ್ನುವವರೂ ಇದ್ದಾರೆ. ಅದರಲ್ಲೂ ಹುರುಳಿದೆ. ತರಂಗ ಹೊಸದಾಗಿ ಹುಟ್ಟುವುದಿಲ್ಲ. ಹಳೆಯ 3ಜಿ ಮುಚ್ಚಿ ಅದರ 900, 2100 ಬ್ಯಾಂಡ್‌ಗಳನ್ನು 4ಜಿಗೆ ಕೊಟ್ಟಿದ್ದಾರೆ. 4ಜಿಯವರಿಗೆ ಒಳ್ಳೆಯದಾಯಿತು. ಹಳೇ 3ಜಿ ಫೋನಿನ ಅಜ್ಜ ಒಂದೇ ರಾತ್ರಿಯಲ್ಲಿ 2ಜಿಗೆ ಇಳಿದರು. ವೋಲ್ಟಿ (4ಜಿಯಲ್ಲೇ ಕರೆ ಸಾಗಿಸುವ ವ್ಯವಸ್ಥೆ) ಆಫ್ ಆಗಿರುವ 4ಜಿ ಫೋನ್ ಕರೆ ಬಂದಾಗೆಲ್ಲ 2ಜಿಗೆ ಜಾರುತ್ತದೆ, ಆಗ ನೆಟ್ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಆನ್ ಇದೆಯಾ ಎಂದು ನೋಡುವುದು ಒಂದು ನಿಮಿಷದ ಕೆಲಸ. ಹೊಸ ಆಂಟೆನಾ ಕೂರಿಸುವಾಗ ಬಾಗು ಒಂದೆರಡು ಡಿಗ್ರಿ ಜಾಸ್ತಿಯಾದರೂ ಬಡಾವಣೆಯ ಕೊನೆಯ ಬೀದಿ ಕೈತಪ್ಪುತ್ತದೆ. ಅಂಥ ಬೀದಿಯಿಂದ ದೂರು ಬರದೇ ಹೋದರೆ ನಮಗೆ ಗೊತ್ತಾಗುವುದು ತಡ.

ಮಲೆನಾಡಿನ ಕತೆಯೇ ಬೇರೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ಮಗಳ ಆನ್‌ಲೈನ್ ಪಾಠಕ್ಕೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರವನ್ನು ನೀವೂ ನೋಡಿರಬಹುದು. ಗುಡ್ಡ ಅಡ್ಡ ಬಂದರೆ ತರಂಗಕ್ಕೆ ದಾರಿ ಇಲ್ಲ. ಒದ್ದೆ ಎಲೆಗಳು ಸಿಗ್ನಲ್ ಕುಡಿಯುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಟವರ್ ಹಿಂದಿನದು. ಒಳನಾಡಿನ ಎಷ್ಟೋ ಟವರ್‌ಗಳಿಗೆ ಫೈಬರ್ ಬಂದಿಲ್ಲ. ಒಂದು ಗುಡ್ಡದ ಟವರ್‌ನಿಂದ ಇನ್ನೊಂದಕ್ಕೆ ಮೈಕ್ರೋವೇವ್ ಡಿಶ್ ಮೂಲಕ ಸಂಪರ್ಕ. 15, 18 ಗಿಗಾಹರ್ಟ್ಜ್‌ನಂಥ ಲಿಂಕ್‌ಗಳು ಜೋರು ಮಳೆಗೆ ಸೊರಗುತ್ತವೆ. ಇವು ಸರಪಳಿಯಂತೆ ಇರುವುದರಿಂದ ಮುಂದಿನದು ಬಿದ್ದರೆ ಹಿಂದಿನವೆಲ್ಲ ಬಿದ್ದಂತೆ. ಮರ ಬಿದ್ದು ಕರೆಂಟ್ ಹೋದರೆ ಬ್ಯಾಟರಿ ಕೆಲವು ಗಂಟೆ ಬರುತ್ತದೆ. ಆಮೇಲೆ ಜನರೇಟರ್, ಅದಕ್ಕೆ ಡೀಸೆಲ್, ಡೀಸೆಲ್ ತರಲು ರಸ್ತೆ. ಆಷಾಢದಲ್ಲಿ ಆ ರಸ್ತೆಯೇ ಇರುವುದಿಲ್ಲ.

ಹಾಗಾಗಿ "ನಮ್ಮೂರಿಗೆ 5ಜಿ ಯಾವಾಗ?" ಎಂದು ಕೇಳುವ ಹಳ್ಳಿಯವರಿಗೆ ನನ್ನ ಸಲಹೆ: ಮೊದಲು ಫೈಬರ್ ಕೇಳಿ, ಎರಡು ದಿನ ಬರುವ ಬ್ಯಾಟರಿ ಕೇಳಿ, ಕೆಳಗಿನ ಬ್ಯಾಂಡ್‌ನಲ್ಲಿ ಗಟ್ಟಿ 4ಜಿ ಕೇಳಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿಸಲಾಯಿತು. ಅದರ ರೇಡಿಯೋ ಮಾಡಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಅದರ ಜೊತೆ ಇನ್ನೊಂದು ಒಳ್ಳೆಯ ಕೆಲಸವೂ ಆಗಿದೆ. ಹಳ್ಳಿಗಾಡಿಗೆ ಫೋನ್ ಸೇವೆ ಮುಟ್ಟಿಸಲು ಇರುವ ಕೇಂದ್ರ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಿಂದ ಕಟ್ಟಿದ 4ಜಿ ಟವರ್‌ಗಳಲ್ಲಿ ಒಂದು ಕಂಪನಿಯ ಗ್ರಾಹಕರು ಇನ್ನೊಂದು ಕಂಪನಿಯ ಸಿಗ್ನಲ್ ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಯಿತು. ಫೋನಿನಲ್ಲಿ ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್ ಇರಲಿ, ಮ್ಯಾನುಯಲ್ ಇದ್ದರೆ ಇದು ಸಿಗದೇ ಹೋಗಬಹುದು. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಸಿಗ್ನಲ್ ಇಲ್ಲದ ಮನೆಯಲ್ಲೂ ಅದೇ ನಂಬರ್‌ಗೆ ಕರೆ ಬರುತ್ತದೆ. ಮಲೆನಾಡಿನ ಎಷ್ಟೋ ಮನೆಗಳಿಗೆ ಇವತ್ತೇ ಸಾಧ್ಯವಿರುವ ಪರಿಹಾರ ಇದು.

ಸಿಗ್ನಲ್ ಹೆಚ್ಚಿಸುತ್ತೇವೆ ಎಂದು ಮಾರುವ ಬೂಸ್ಟರ್ ಮಾತ್ರ ತರಬೇಡಿ. ಒಮ್ಮೆ ನಗರದ ಒಂದು ಬೀದಿಯಲ್ಲಿ ಇದ್ದಕ್ಕಿದ್ದಂತೆ ಎಲ್ಲರ ಕರೆ ಕಟ್ ಆಗತೊಡಗಿತು. ಟವರ್ ಸರಿ ಇದೆ, ಆದರೆ ಅದಕ್ಕೆ ಬರುವ ದಾರಿಯಲ್ಲಿ ಬರೀ ಗದ್ದಲ. ಕೈಯಲ್ಲಿ ದಿಕ್ಕು ತೋರಿಸುವ ಆಂಟೆನಾ, ಹೆಗಲಿಗೆ ತರಂಗಗಳನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಅನಲೈಸರ್ ಹಾಕಿಕೊಂಡು ಮನೆ ಮನೆ ಮುಂದೆ ನಿಂತು ತಿರುಗಿಸುತ್ತಾ ಹೋದೆವು. ಒಂದು ಪಿಜಿ ಮುಂದೆ ಗದ್ದಲದ ಗೆರೆ ಎದ್ದು ನಿಂತಿತು. ಟೆರೇಸ್ ಹತ್ತಿದರೆ ನೀರಿನ ಪೈಪಿಗೆ ತಂತಿ ಬಿಗಿದು ಕಟ್ಟಿದ ಸಣ್ಣ ಆಂಟೆನಾ, ಅದರಿಂದ ಬೇಸ್‌ಮೆಂಟ್ ರೂಮಿಗೆ ಇಳಿದ ಕಪ್ಪು ಕೇಬಲ್. "ನನ್ನ ದುಡ್ಡಲ್ಲಿ ತಂದಿದ್ದು, ನಿಮಗೇನು ಕಷ್ಟ?" ಎಂದರು ಮಾಲೀಕರು. ಸ್ವಿಚ್ ತೆಗೆಸಿದ ಕೂಡಲೇ ಅನಲೈಸರ್‌ನ ಗೆರೆ ಮಲಗಿತು, ಅವರಿಗೇ ತೋರಿಸಿದೆವು. ಕೆಳಗಿನ ನಾಲ್ಕು ರೂಮಿಗೆ ಸಿಗ್ನಲ್ ಕೊಡಲು ಹೋಗಿ ಇಡೀ ಸೆಕ್ಟರ್‌ನ ಕಿವಿ ಮುಚ್ಚಿಹೋಗಿತ್ತು. ಅನುಮತಿ ಇಲ್ಲದ ಬೂಸ್ಟರ್ ಇಡುವುದು ಕಾನೂನಿನ ಪ್ರಕಾರ ಅಪರಾಧ. ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಸರಿ ಎಂದಲ್ಲ.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ನಿಯಮದ ಪ್ರಕಾರ ಪ್ರತಿ ಕಂಪನಿಯೂ ತನ್ನ 2ಜಿ, 4ಜಿ, 5ಜಿ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ನಂಬರ್ ಪೋರ್ಟ್ ಮಾಡುವ ಮುಂಚೆ ಅದನ್ನು ನೋಡಿ, ಆಮೇಲೆ ಪಕ್ಕದ ಮನೆಯವರ ಫೋನಿನಲ್ಲೂ ನೋಡಿ. ನಕ್ಷೆ ಬೀದಿಯ ಲೆಕ್ಕ, ನಿಮ್ಮ ಮಲಗುವ ಕೋಣೆಯ ಲೆಕ್ಕ ಅಲ್ಲ. ಒಂದು ಜಿಲ್ಲೆಯಲ್ಲಿ 24 ಗಂಟೆ ಮೀರಿ ಸೇವೆ ನಿಂತರೆ ಬಿಲ್‌ನಲ್ಲಿ ಕಡಿತ ಅಥವಾ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು ಎಂದೂ ಅದರಲ್ಲಿದೆ. ಪ್ರಕೃತಿ ವಿಕೋಪಕ್ಕೆ ಇದು ಅನ್ವಯಿಸುವುದಿಲ್ಲ.

ದೂರು ಕೊಡಲು ನಂಬರ್ 198. ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೇಳಿ ಬರೆದಿಟ್ಟುಕೊಳ್ಳಿ. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ನೇರವಾಗಿ ವಿಚಾರಿಸುವುದಿಲ್ಲ. ಸುಮ್ನೆ "ನೆಟ್‌ವರ್ಕ್ ಸರಿ ಇಲ್ಲ" ಎಂದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ಹೀಗೆ ಹೇಳಿ ನೋಡಿ: "ಪಿನ್‌ಕೋಡ್ ಇದು, ಬೀದಿ ಇದು, ನೆಲಮಹಡಿ. ಹಾಲ್‌ನಲ್ಲಿ ಮೈನಸ್ 92, ರೂಮಿನಲ್ಲಿ ಮೈನಸ್ 112. ರಾತ್ರಿ ಎಂಟರಿಂದ ಹತ್ತರವರೆಗೆ ಡೌನ್‌ಲೋಡ್ 1, ಅಪ್‌ಲೋಡ್ ಇಲ್ಲವೇ ಇಲ್ಲ. ಕಳೆದ ತಿಂಗಳವರೆಗೆ ಸರಿ ಇತ್ತು." ಇಷ್ಟು ಇದ್ದರೆ ಯಾವ ಸೆಕ್ಟರ್, ಬಾಗಿನ ತೊಂದರೆಯೋ ಲೋಡ್‌ನ ತೊಂದರೆಯೋ ಎಂದು ನಾವು ಕಚೇರಿಯಲ್ಲೇ ಕೂತು ಬಹುಮಟ್ಟಿಗೆ ಹೇಳಬಹುದು. ಅದೇ ಬೀದಿಯ ನಾಲ್ಕಾರು ಮನೆಯವರು ಒಂದೇ ವಾರದಲ್ಲಿ ಬೇರೆಬೇರೆಯಾಗಿ ದೂರು ಕೊಟ್ಟರೆ ಇನ್ನೂ ಒಳ್ಳೆಯದು. ಎಲ್ಲವೂ ಒಂದೇ ಸೆಕ್ಟರ್ ಮೇಲೆ ಬಿದ್ದಾಗ ಅದು ಒಬ್ಬರ ಫೋನಿನ ತೊಂದರೆ ಎಂದು ಬದಿಗಿಡಲು ಯಾರಿಂದಲೂ ಆಗುವುದಿಲ್ಲ.